ಖಾತೆ ಹೊರಗೆ, ಹೊಣೆ ಒಳಗೆ: ಸಣ್ಣ ಬ್ಯಾಂಕುಗಳ ಹೊರಗುತ್ತಿಗೆ ಕುರಿತು ಒಂದು ತಕರಾರು

ಹೊರಗುತ್ತಿಗೆಯ ಅರ್ಥಶಾಸ್ತ್ರ ರೊನಾಲ್ಡ್ ಕೋಸ್ ಅವರ 1937ರ ಲೇಖನದಿಂದ ಹೊರಟು ಆಲಿವರ್ ವಿಲಿಯಮ್ಸನ್ ಅವರಲ್ಲಿ ಪಕ್ವಗೊಂಡದ್ದು ಸರ್ವವಿದಿತ. ಒಬ್ಬನೇ ಪೂರೈಕೆದಾರನಿಗೆ ಕಟ್ಟುಬೀಳುವ ಪ್ರಸಂಗ ಬಂದರೆ ಆ ಕೆಲಸವನ್ನು ಒಳಗೇ ಮಾಡಿಕೊಳ್ಳುವುದು ಲೇಸು ಎಂಬುದು ವಿಲಿಯಮ್ಸನ್ ವಾದದ ಸಾರ. ನನ್ನ ತಕರಾರು ಆ ವಾದದ ಹಿಂದಿರುವ ಚಿತ್ರದ ಬಗ್ಗೆ: ಅಲ್ಲಿ ಕೊಳ್ಳುವವನೊಬ್ಬ, ಒದಗಿಸುವವನೊಬ್ಬ. ನಮ್ಮ ಸಣ್ಣ ಬ್ಯಾಂಕುಗಳು ಆ ಚಿತ್ರದೊಳಗೆ ಹಿಡಿಯುವುದಿಲ್ಲ.

2024ರ ಜುಲೈ 31ರಂದು ರಾಷ್ಟ್ರೀಯ ಪಾವತಿ ನಿಗಮವು ರ‍್ಯಾನ್ಸಮ್‌ವೇರ್ ದಾಳಿಯ ಶಂಕೆಯಿಂದ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಕಡಿದುಹಾಕಿತು. ಟಿಸಿಎಸ್ ಮತ್ತು ಎಸ್‌ಬಿಐ ಸೇರಿ ಕಟ್ಟಿದ ಈ ಸಂಸ್ಥೆಯನ್ನು ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಮರುದಿನ ಸಂಪರ್ಕ ಮರಳಿತು. ದೇಶದ ಒಟ್ಟು ಪಾವತಿಯಲ್ಲಿ ಇವುಗಳ ಪಾಲು ಶೇ. 0.5ರಷ್ಟು ಮಾತ್ರ ಎಂಬ ಸಮಾಧಾನದ ಮಾತೂ ಆಗ ವರದಿಯಾಯಿತು.

ಈ ಶೇ. 0.5 ಮೇಲಿನಿಂದ ಅಳೆದ ಅಳತೆ. ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಶಿರೋಳದಂಥ ಎರೆಭೂಮಿಯ ಊರಲ್ಲಿ ನಿಂತು ಅಳೆದರೆ ಲೆಕ್ಕ ಬೇರೆಯಾಗುತ್ತದೆ. ಮುಂಗಾರಿನ ನಡುವೆ ಕಳೆ ತೆಗೆದವರಿಗೆ ಕೂಲಿ ಕೊಡಬೇಕಾದ ರೈತನ ಖಾತೆ ಒಂದೇ ಬ್ಯಾಂಕಿನಲ್ಲಿದ್ದು ಅದು ನಿಂತರೆ, ಅವನ ಪಾಲಿಗೆ ನಿಂತದ್ದು ನೂರಕ್ಕೆ ನೂರು. ಇನ್ನೂ ಮುಖ್ಯವಾದುದು, ಕಡಿತ ಬಿದ್ದದ್ದು ಒದಗಿಸುವವನ ಮೇಲೆ. ತನ್ನ ಮನೆಯನ್ನು ಭದ್ರವಾಗಿಟ್ಟುಕೊಂಡ ಬ್ಯಾಂಕೂ ಅವನೊಂದಿಗೆ ಕತ್ತಲಾಯಿತು. ಪ್ರತಿ ಸಂಸ್ಥೆಯೂ ತನ್ನ ಗುತ್ತಿಗೆದಾರನನ್ನು ಪರೀಕ್ಷಿಸಿಕೊಂಡರೆ ಸಾಕೆಂಬ ನಿಯಮಶಾಸ್ತ್ರದ ನಂಬಿಕೆಗೆ ಇಲ್ಲಿ ಪೆಟ್ಟು ಬೀಳುತ್ತದೆ. ಒಳಗೇ ಮಾಡಿಕೊಳ್ಳಿ ಎಂಬ ವಿಲಿಯಮ್ಸನ್ ಪರಿಹಾರವಂತೂ ಇಂಥ ಬ್ಯಾಂಕಿಗೆ ಕೈಗೆಟುಕದ್ದು.

ನನ್ನ ಮುಖ್ಯ ಪ್ರತಿಪಾದನೆ ಇದು: ಸೇವೆ ಒದಗಿಸುವವನು ಕುಸಿದಾಗ ಸಣ್ಣ ಬ್ಯಾಂಕಿನ ನಷ್ಟ ಖರ್ಚಿನ ಪಟ್ಟಿಯಲ್ಲಿ ಕಾಣುವುದಕ್ಕಿಂತ ಠೇವಣಿದಾರರ ನಂಬಿಕೆಯಲ್ಲಿ ಕಾಣುತ್ತದೆ. ಇಂಥ ಒಪ್ಪಂದಗಳಲ್ಲಿ ಪರಿಹಾರಕ್ಕೆ ಸಾಮಾನ್ಯವಾಗಿ ಮಿತಿ ಇರುತ್ತದೆ. ಗಾಬರಿಗೆ ಮಿತಿ ಇಲ್ಲ. 5 ಲಕ್ಷ ರೂಪಾಯಿಯ ಠೇವಣಿ ವಿಮೆ ಬ್ಯಾಂಕು ಮುಳುಗಿದಾಗಿನ ಆಸರೆ, ಸೇವೆ ನಿಂತ ದಿನದ್ದಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗಂತೂ ಅದೂ ಇಲ್ಲ. ಈ ಪ್ರತಿಪಾದನೆಯನ್ನು ಅತಿಯಾಗಿ ಹಿಗ್ಗಿಸಬಾರದು. ಜುಲೈ ಪ್ರಸಂಗ ಸುಮಾರು ಒಂದು ದಿನದ್ದು. ಅದರಿಂದ ದಿವಾಳಿಯ ಸಿದ್ಧಾಂತ ಕಟ್ಟಲಾಗದು. ಒಳಗೆ ಬರೆದ ಖಾತೆಪುಸ್ತಕಗಳೇನೂ ಪವಿತ್ರವಾಗಿರಲಿಲ್ಲ: ಕಾರ್ಯದರ್ಶಿಯೇ ಹಣ ತಿಂದ ಸಂಘಗಳ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಆದರೂ ಇದೇ ಗದಗ ಜಿಲ್ಲೆಯ ಕಣಗಿನಹಾಳವನ್ನು ನೆನೆಯದಿರಲಾಗದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದಾಗ, 1904ರ ಕಾಯ್ದೆ ಗ್ರಾಮೀಣ ಸಂಘಗಳ ಸದಸ್ಯರ ಮೇಲೆ ಸಾಮಾನ್ಯವಾಗಿ ಅಪರಿಮಿತ ಹೊಣೆ ಹೊರಿಸುತ್ತಿತ್ತು. ಆ ಹೊಣೆ ತಾಳಿಕೊಂಡದ್ದು ಲೆಕ್ಕವೂ ಸಾಲಗಾರನೂ ಒಂದೇ ಊರಿನ ಕಣ್ಣಳತೆಯಲ್ಲಿದ್ದುದರಿಂದ. ಹೊಣೆಯ ಸ್ವರೂಪ ಈಗ ಬದಲಾಗಿದೆ, ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಲೆಕ್ಕ ಕಣ್ಣಳತೆ ದಾಟಿದ್ದು ಮಾತ್ರ ದಿಟ.

ಹಾಗೆ ದಾಟಿದ ಲೆಕ್ಕಕ್ಕೆ ಕಾವಲಾಗಬೇಕಿದ್ದ ರಿಸರ್ವ್ ಬ್ಯಾಂಕಿನ 2023ರ ಏಪ್ರಿಲ್ 10ರ ಐಟಿ ಹೊರಗುತ್ತಿಗೆ ನಿರ್ದೇಶನ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಮೊದಲೆರಡು ಶ್ರೇಣಿಯವು, ಅಂದರೆ ಬಹುತೇಕ 1,000 ಕೋಟಿ ರೂಪಾಯಿಯೊಳಗಿನ ಠೇವಣಿಯವು, ಅದರ ವ್ಯಾಪ್ತಿಗೆ ಬರಲಿಲ್ಲ. ಸಣ್ಣವರ ಮೇಲೆ ನಿಯಮದ ಹೊರೆ ಬೇಡವೆಂಬ ಕರುಣೆ ಇದ್ದೀತು. ಆದರೆ ಒದಗಿಸುವವರನ್ನು ಹೆಚ್ಚು ನೆಚ್ಚಿದವರೂ ಇವರೇ.

2024ರ ಮಾರ್ಚ್ 2ರಂದು ಉದ್ಘಾಟನೆಯಾದ ಪಟ್ಟಣ ಸಹಕಾರಿ ಬ್ಯಾಂಕುಗಳ ಛತ್ರ ಸಂಸ್ಥೆ ಎನ್‌ಯುಸಿಎಫ್‌ಡಿಸಿ, ಸದಸ್ಯರೇ ಒಡೆಯರಾದ ಹಂಚಿಕೆಯ ತಂತ್ರಜ್ಞಾನದ ದಾರಿ ತೋರುತ್ತಿದೆ. 2022ರಲ್ಲಿ ಮಂಜೂರಾದ 2,516 ಕೋಟಿ ರೂಪಾಯಿಯ ಯೋಜನೆ 63,000 ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು ಹೊರಟಿತು. ಒಡೆತನ ಸದಸ್ಯರದ್ದಾದ ಮಾತ್ರಕ್ಕೆ ಎಲ್ಲರೂ ಒಂದೇ ಕಂಬಕ್ಕೆ ಒರಗುವ ಅಪಾಯ ತಗ್ಗುವುದೇ, ಇಲ್ಲ ಹೆಚ್ಚುವುದೇ ಎಂಬುದು ಈ ಲೇಖನ ತೀರ್ಮಾನಿಸದೆ ಬಿಟ್ಟ ಪ್ರಶ್ನೆ.