ಯಂತ್ರದ ಅಳತೆ, ಹಾಡಿನ ಅಳತೆ: ಮನೆಯಂಗಳಕ್ಕೆ ಬಂದ ಧ್ವನಿ-ಚಿತ್ರ ಉಪಕರಣಗಳ ಚರಿತ್ರೆ

ಮೌಖಿಕ ಪರಂಪರೆಯನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಹಾಡು, ಹಾಡುಗಾರ, ಕೇಳುಗ ಸಮುದಾಯ ಹಾಗೂ ಪ್ರದರ್ಶನದ ಸಂದರ್ಭ ಎಂಬ ನಾಲ್ಕು ಅಂಶಗಳು ವಿಸ್ತಾರವಾದ ಚರ್ಚೆಗೆ ಒಳಗಾಗಿವೆ. ಐದನೆಯದಾದ ಯಂತ್ರಕ್ಕೆ ಸಾಮಾನ್ಯವಾಗಿ ಸಂಗ್ರಹಗಳ ಪ್ರಸ್ತಾವನೆಯಲ್ಲಿ ‘ಧ್ವನಿಮುದ್ರಿಸಿಕೊಂಡು ಲಿಪ್ಯಂತರಿಸಲಾಗಿದೆ’ ಎಂಬ ಒಂದು ವಾಕ್ಯದ ಸ್ಥಾನವಷ್ಟೇ ದೊರೆಯುತ್ತದೆ. ಆ ಯಂತ್ರ ಯಾವುದು, ಅದರ ಸುರುಳಿ ಎಷ್ಟು ಹೊತ್ತು ಓಡುತ್ತಿತ್ತು, ಸುರುಳಿ ಮುಗಿದಾಗ ಹಾಡುಗಾರ ಏನು ಮಾಡಿದ ಎಂಬ ವಿವರಗಳು ವಿರಳ. ಧ್ವನಿ ಮತ್ತು ಚಿತ್ರಗಳನ್ನು ಹಿಡಿಯುವ ಉಪಕರಣಗಳು ಕಂಪನಿಗಳ ವಶದಿಂದ ಸ್ವತಂತ್ರ ಚಲನಚಿತ್ರಕಾರ ಹಾಗೂ ಮನೆಯಲ್ಲಿಯೇ ಹಾಡು ಮುದ್ರಿಸುವ ಸಂಗೀತಗಾರನ ಕೈಗೆ ಬಂದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಜಾನಪದ ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ. ಯಂತ್ರದ ಮಿತಿಯು ಪಠ್ಯದ ರೂಪವನ್ನು ನಿರ್ಧರಿಸುತ್ತ ಬಂದಿದೆ. ಆದುದರಿಂದ ಯಂತ್ರದ ವಿವರವೂ ದಾಖಲೆಯ ಭಾಗವೇ ಆಗಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

1. ಮೂರು ನಿಮಿಷಗಳ ಕಾಲ

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ರೂಪಿಸಿದನು. 1890ರಲ್ಲಿ ಜೆ. ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೇಯ್ನ್ ಪ್ರಾಂತದಲ್ಲಿ ಪಾಸಮಕ್ವಾಡಿ ಬುಡಕಟ್ಟಿನ ಹಾಡು-ಕಥೆಗಳನ್ನು ಅದರಲ್ಲಿ ಹಿಡಿದನು. ಬುಡಕಟ್ಟು ಸಮುದಾಯಗಳ ನಡುವೆ ಹೋಗಿ ಮಾಡಿದ ಧ್ವನಿಮುದ್ರಣದ ಆರಂಭವೆಂದು ಇದನ್ನು ಗುರುತಿಸಲಾಗುತ್ತದೆ. 1899ರಲ್ಲಿ ವಿಯೆನ್ನಾದಲ್ಲಿಯೂ 1900ರಲ್ಲಿ ಬರ್ಲಿನ್‌ನಲ್ಲಿಯೂ ಧ್ವನಿ ಸಂಗ್ರಹಾಲಯಗಳು ಸ್ಥಾಪನೆಗೊಂಡವು. ಹಂಗೇರಿಯ ಬೇಲಾ ಬಾರ್ಟೋಕ್ 1906ರಿಂದ ಹಳ್ಳಿಗಳಿಗೆ ಮೇಣದ ಕೊಳವೆಯ ಯಂತ್ರವನ್ನು ಹೊತ್ತು ನಡೆದನು. ಈ ಕೊಳವೆಗಳ ಆಯುಷ್ಯ ಕೆಲವೇ ನಿಮಿಷ. ಹಾಡಿನ ಎರಡು-ಮೂರು ನುಡಿಗಳಲ್ಲಿಯೇ ಅದು ತೀರುತ್ತಿತ್ತು. ಉಳಿದುದನ್ನು ಸಂಗ್ರಾಹಕ ಕೈಬರಹದಲ್ಲಿ ತುಂಬಿಕೊಳ್ಳಬೇಕಾಗಿತ್ತು.

ಭಾರತದಲ್ಲಿ ಇದೇ ಮಿತಿಯು ಶಾಸ್ತ್ರೀಯ ಗಾಯನವನ್ನೂ ತಟ್ಟಿತು. 1902ರಲ್ಲಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಗ್ರಾಮಫೋನ್ ಕಂಪನಿಗಾಗಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದನು. ವಿದ್ಯುತ್ ಮೈಕ್ ಇರದ ಕಾಲವದು. ಹಾಡುಗಾರ್ತಿ ಕೊಂಬಿನಾಕಾರದ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗ ಸುಮಾರು ಮೂರು ನಿಮಿಷಗಳಿಗೆ ಇಳಿಯಿತು. ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳನ್ನು ಅಚ್ಚು ಹಾಕುವವರಿಗೆ ಗಾಯಕರ ಗುರುತು ಸಿಗಲೆಂಬುದು ಇದರ ಉದ್ದೇಶ. ಮುದ್ರಣದೊಳಗೇ ಅದರ ವಿವರವನ್ನು ನುಡಿದಿಡುವ ಈ ಕ್ರಮ ಇಂದಿಗೂ ಕ್ಷೇತ್ರಕಾರ್ಯದ ಮೊದಲ ಪಾಠವಾಗಿದೆ. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದರೆಂಬುದು ಕನ್ನಡ ನಾಡಿಗೆ ಸಂಬಂಧಿಸಿದ ಸಂಗತಿ.

2. ಭಾರ ಮತ್ತು ಜೋಡಿ ಯಂತ್ರದ ಉಪಾಯ

ಕಾಲದ ಮಿತಿಯ ಜೊತೆಗೆ ಭಾರದ ಮಿತಿಯೂ ಇತ್ತು. 1933ರಲ್ಲಿ ಜಾನ್ ಲೋಮ್ಯಾಕ್ಸ್ ಹಾಗೂ ಮಗ ಆಲನ್ ಅಮೆರಿಕದ ದಕ್ಷಿಣ ಪ್ರಾಂತಗಳ ಸೆರೆಮನೆಗಳಿಗೂ ಹೊಲಗಳಿಗೂ ಒಯ್ದ ತಟ್ಟೆ ಕೊರೆಯುವ ಯಂತ್ರದ ತೂಕ 315 ಪೌಂಡ್, ಎಂದರೆ ಸುಮಾರು 143 ಕಿಲೋಗ್ರಾಂ. ಯಂತ್ರ ಕಾರಿನಲ್ಲಿ ಕೂತಿದ್ದುದರಿಂದ ಹಾಡುಗಾರನೇ ಅದರ ಬಳಿಗೆ ಬರಬೇಕಾಗಿತ್ತು. ಕಾರು ಹೋಗದ ಊರಿನ ಹಾಡು ದಾಖಲೆಗೆ ದೊರೆಯುತ್ತಿರಲಿಲ್ಲ.

1934-35ರಲ್ಲಿ ಯುಗೊಸ್ಲಾವಿಯದ ಮಹಾಕಾವ್ಯ ಗಾಯಕರನ್ನು ಕುರಿತು ಸಂಶೋಧನೆ ನಡೆಸಿದ ಮಿಲ್ಮನ್ ಪ್ಯಾರಿಯ ಎದುರಿಗಿದ್ದ ಸಮಸ್ಯೆ ಇನ್ನೂ ಜಟಿಲವಾದುದು. ಸಾವಿರಾರು ಸಾಲುಗಳ ಕಾವ್ಯಕ್ಕೆ ಕೆಲವು ನಿಮಿಷಗಳ ತಟ್ಟೆ ಸಾಲದು. ನಡುವೆ ನಿಲ್ಲಿಸಿದರೆ ಗಾಯಕನ ಓಟವೇ ಕೆಡುತ್ತದೆ. ಪ್ಯಾರಿ ಎರಡು ತಿರುಗುಮಣೆಗಳ ಯಂತ್ರವನ್ನು ವಿಶೇಷವಾಗಿ ಮಾಡಿಸಿದನು. ಒಂದು ಅಲ್ಯುಮಿನಿಯಂ ತಟ್ಟೆ ಮುಗಿಯುವ ಹೊತ್ತಿಗೆ ಇನ್ನೊಂದು ತಿರುಗತೊಡಗುತ್ತಿತ್ತು. ಆಲ್ಬರ್ಟ್ ಲಾರ್ಡ್ ಮುಂದೆ ರೂಪಿಸಿದ ಮೌಖಿಕ ಸೂತ್ರ ಸಿದ್ಧಾಂತಕ್ಕೆ ಈ ಸಾಧನವು ಆಧಾರ ಸಾಮಗ್ರಿಯನ್ನು ಒದಗಿಸಿತೆಂಬುದನ್ನು ಮರೆಯಲಾಗದು.

ದಕ್ಷಿಣ ಭಾರತದ ಮಟ್ಟಿಗೆ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ಅವರ 1938ರ ಪ್ರವಾಸ ಉಲ್ಲೇಖನೀಯ. ಅವರ ಚಲನಚಿತ್ರಗಳು 16 ಮಿಲಿಮೀಟರಿನ ಮೂಕಿ ಚಿತ್ರಗಳು. ಧ್ವನಿ ಬೇರೆ ಯಂತ್ರದಲ್ಲಿ ಸಂಗ್ರಹವಾದುದು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಎಮಿ ಕ್ಯಾಟ್ಲಿನ್ ಇದೇ ಸಾಮಗ್ರಿಯನ್ನು ಮುಂದಿಟ್ಟುಕೊಂಡು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮರು ಅಧ್ಯಯನ ಕೈಗೊಂಡರು. ಕುಣಿತ ಒಂದೆಡೆ, ಅದರ ತಾಳ ಇನ್ನೊಂದೆಡೆ ಉಳಿದಾಗ ಅವೆರಡನ್ನೂ ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇಂಥ ಸಾಮಗ್ರಿಯೇ ನಿದರ್ಶನ.

3. ಧ್ವನಿ ಮತ್ತು ಚಿತ್ರದ ಕೂಡಿಕೆ

ಕಾಂತೀಯ ಟೇಪು 1930ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದಿತು. ಅದನ್ನು ಹೆಗಲಿಗೆ ಏರಿಸಿದ ಕೀರ್ತಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್ಕಿಗೆ ಸಲ್ಲುತ್ತದೆ. 1951ರಲ್ಲಿ ಆತ ರೂಪಿಸಿದ ಯಂತ್ರದ ಹೆಸರು ‘ನಾಗ್ರಾ’. ಪೋಲಿಷ್ ಭಾಷೆಯಲ್ಲಿ ‘ಮುದ್ರಿಸುತ್ತದೆ’ ಎಂದು ಇದರ ಅರ್ಥ. ಕ್ಯಾಮೆರಾದ ವೇಗಕ್ಕೆ ಹೊಂದುವ ಸಂಕೇತವನ್ನು ಟೇಪಿನಲ್ಲಿಯೇ ಬರೆಯುವ ವ್ಯವಸ್ಥೆ ಬಂದ ಮೇಲೆ ಸ್ಟುಡಿಯೋದ ಹೊರಗೂ ತುಟಿಗೆ ಮಾತು ಕೂಡಿತು. ಮಾನವಶಾಸ್ತ್ರಜ್ಞ ಜಾನ್ ರೂಶ್ ಸಮಾಜಶಾಸ್ತ್ರಜ್ಞ ಎಡ್ಗರ್ ಮೋರಿನ್ ಅವರೊಡಗೂಡಿ 1961ರಲ್ಲಿ ಹೊರತಂದ ‘ಕ್ರಾನಿಕಲ್ ಆಫ್ ಎ ಸಮ್ಮರ್’ ಇದರ ಪ್ರಸಿದ್ಧ ಫಲ. ದೃಶ್ಯದ ಆರಂಭದಲ್ಲಿ ಹಲಗೆ ಬಡಿದು, ಆ ಸದ್ದನ್ನೂ ಆ ಚಿತ್ರವನ್ನೂ ಒಂದೆಡೆ ಸೇರಿಸುವ ಹಳೆಯ ತಂತ್ರಕ್ಕೆ ಇಂದಿಗೂ ಬೆಲೆಯಿದೆ. ಹಲಗೆ ಇಲ್ಲದವರು ಒಂದು ಚಪ್ಪಾಳೆಯಿಂದಲೇ ಆ ಕೆಲಸ ಸಾಧಿಸಬಹುದು.

ಬೆಳಕಿನ ವಿಷಯದಲ್ಲಿಯೂ ಮಿತಿಯೇ ತಂತ್ರವನ್ನು ಕಲಿಸಿತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆಯನ್ನು ಬಿಗಿದು, ದೀಪಗಳ ಬೆಳಕು ಅದಕ್ಕೆ ತಾಗಿ ಹಿಂದಿರುಗುವಂತೆ ಮಾಡಿದರು. ನೆರಳುಗಳು ಗಡಸಾಗದೆ ಆಕಾಶದ ಬೆಳಕಿನಂತೆ ಹರಡಿದವು. ಬಿಳಿ ಪಂಚೆ, ಸುಣ್ಣದ ಗೋಡೆಗಳಿಂದ ಬೆಳಕನ್ನು ಮೆದುಗೊಳಿಸುವ ಬಡ ಚಿತ್ರಕಾರ ಇದೇ ಪರಂಪರೆಯವನು. ಕನ್ನಡದಲ್ಲಿ 1970ರ ‘ಸಂಸ್ಕಾರ’ ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರಿತವಾಗಿ, ಸ್ಟುಡಿಯೋದ ಹೊರಗಿನ ನಿಜವಾದ ಊರೇ ಚಿತ್ರದ ನೆಲೆಯಾಗಬಲ್ಲದೆಂಬುದನ್ನು ತೋರಿಸಿಕೊಟ್ಟಿತು.

4. ಮನೆಯೇ ಮುದ್ರಣಶಾಲೆ

1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಧ್ವನಿಮುದ್ರಣವನ್ನು ಸಾಮಾನ್ಯರ ಕೈಗೆ ತಲುಪಿಸಿತು. ಉತ್ತರ ಭಾರತದಲ್ಲಿ ಇದರಿಂದ ಒಂದೇ ಕಂಪನಿಯ ಏಕಸ್ವಾಮ್ಯ ಕುಸಿದು, ಪ್ರಾದೇಶಿಕ ಹಾಡುಗಳ ಸಣ್ಣ ಉದ್ಯಮಗಳು ತಲೆಯೆತ್ತಿದ ಬಗೆಯನ್ನು ಪೀಟರ್ ಮ್ಯಾನ್ಯುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ ವಿಶ್ಲೇಷಿಸಿದ್ದಾರೆ. ನಮ್ಮಲ್ಲಿಯೂ ತತ್ವಪದ, ಯಕ್ಷಗಾನ, ತಾಳಮದ್ದಳೆಗಳು ಕ್ಯಾಸೆಟ್ಟಿಗೆ ಇಳಿದವು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ಅಥವಾ 45 ನಿಮಿಷ. ರಾತ್ರಿಯಿಡೀ ನಡೆಯುವ ಪ್ರಸಂಗ ಈ ಅಳತೆಗೆ ತುಂಡಾಯಿತು. ಮಗ್ಗುಲು ಮಗುಚುವಾಗ ಕಳೆದುಹೋಗುವ ಸಾಲುಗಳನ್ನು ಉಳಿಸಿಕೊಳ್ಳಲು ಎರಡನೆಯ ಯಂತ್ರವನ್ನು ಕೊಂಚ ಮುಂಚಿತವಾಗಿ ಚಾಲೂ ಮಾಡುವುದು ಪ್ಯಾರಿಯ ಉಪಾಯದ ಮರುಹುಟ್ಟೇ ಆಗಿದೆ.

ಮನೆಯ ಸಂಗೀತಗಾರನ ಚರಿತ್ರೆಯಲ್ಲಿ 1979 ಎರಡು ಕಾರಣಗಳಿಗಾಗಿ ಮಹತ್ವದ ವರ್ಷ. ಜಪಾನಿನ ಟಿಯಾಕ್ ಕಂಪನಿ ‘ಪೋರ್ಟಾಸ್ಟುಡಿಯೋ’ ಎಂಬ ಯಂತ್ರವನ್ನು ತಂದಿತು. ಸಾಮಾನ್ಯ ಕ್ಯಾಸೆಟ್ಟನ್ನೇ ಇಮ್ಮಡಿ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಓಡಿಸಿ ನಾಲ್ಕು ಪದರಗಳಲ್ಲಿ ಮುದ್ರಿಸುವ ಸೌಲಭ್ಯ ಅದರಲ್ಲಿತ್ತು. ಒಬ್ಬನೇ ವ್ಯಕ್ತಿ ತಾಳ, ವಾದ್ಯ, ಹಾಡು, ಹಿಮ್ಮೇಳಗಳನ್ನು ಒಂದರ ಮೇಲೊಂದು ಕೂಡಿಸಬಹುದಾಯಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತಮ್ಮ ಮನೆಯ ಕೋಣೆಯಲ್ಲಿ ಈ ಯಂತ್ರ ಹಾಗೂ ಎರಡು ಮೈಕುಗಳಿಂದ ಮಾಡಿಕೊಂಡ ಕರಡು ಮುದ್ರಣವೇ ಅದೇ ವರ್ಷ ‘ನೆಬ್ರಾಸ್ಕಾ’ ಎಂಬ ಸಂಕಲನವಾಗಿ ಪ್ರಕಟವಾಯಿತು. ವಾದ್ಯವೃಂದದೊಂದಿಗೆ ಮರುಮುದ್ರಿಸಲು ಯತ್ನಿಸಿದರೂ ಕೋಣೆಯ ಆ ಗುಣ ಮರಳಿ ಬರಲಿಲ್ಲ. ಅದೇ 1979ರಲ್ಲಿ ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಂದರು. ಶ್ರುತಿ ಹಿಡಿಯಲು ಜೊತೆಗಾರರಿಲ್ಲದೆಯೂ ಒಬ್ಬರೇ ಕುಳಿತು ಹಾಡುವ ಅನುಕೂಲ ಮನೆಮನೆಗೆ ಬಂದಿತು.

ಚಲನಚಿತ್ರದಲ್ಲಿ ಇದಕ್ಕೆ ಸಮನಾದ ಉದಾಹರಣೆ ರಾಬರ್ಟ್ ರೊಡ್ರಿಗಸ್ ಅವರ ‘ಎಲ್ ಮರಿಯಾಚಿ’ (1992). ಸುಮಾರು 7,000 ಡಾಲರುಗಳಲ್ಲಿ, ಎರವಲು ತಂದ 16 ಮಿಲಿಮೀಟರ್ ಕ್ಯಾಮೆರಾದಲ್ಲಿ ಅದು ಚಿತ್ರಿತವಾಯಿತು. ಕ್ಯಾಮೆರಾದ ಸದ್ದಿನಿಂದಾಗಿ ಮಾತುಗಳನ್ನು ದೃಶ್ಯ ಮುಗಿದ ಮೇಲೆ ಕ್ಯಾಸೆಟ್ಟಿನಲ್ಲಿ ಬೇರೆಯಾಗಿ ಮುದ್ರಿಸಲಾಯಿತು. ತುಟಿಗೆ ಮಾತು ಹೊಂದದ ಕಡೆ ನಿರ್ದೇಶಕರು ಬೇರೊಂದು ಚಿತ್ರಿಕೆಗೆ ಜಿಗಿದರು. ಚಿತ್ರದ ಚುರುಕು ಓಟವೆಂದು ಮೆಚ್ಚುಗೆ ಪಡೆದ ಗುಣದಲ್ಲಿ ಉಪಕರಣದ ಕೊರತೆಯ ಪಾಲೂ ಇದೆ.

5. ಆರು ದಿನಗಳ ಹಾಡು, ಊರಿನ ಮಾತು

ಮೂರು ನಿಮಿಷಗಳ ಕಾಲ ಎಷ್ಟರ ಮಟ್ಟಿಗೆ ಹಿಂದಾಯಿತೆಂಬುದನ್ನು ತುಳುನಾಡಿನ ಸಿರಿ ಮಹಾಕಾವ್ಯದ ದಾಖಲೀಕರಣ ತೋರಿಸುತ್ತದೆ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಆರು ದಿನಗಳಲ್ಲಿ ಹಾಡಿದ 15,683 ಸಾಲುಗಳನ್ನು ಫಿನ್ಲೆಂಡಿನ ಲೌರಿ ಹೊಂಕೊ, ಅನೆಲಿ ಹೊಂಕೊ ಹಾಗೂ ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ತಂಡ ಧ್ವನಿ ಮತ್ತು ವಿಡಿಯೊಗಳಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿತು. ಹಾಡು ಎಲ್ಲಿ ನಿಲ್ಲಬೇಕೆಂಬುದನ್ನು ಇಲ್ಲಿ ನಿರ್ಧರಿಸಿದವನು ಹಾಡುಗಾರ. ಅದೇ ಕಾವ್ಯವನ್ನು ಮೂರು ನಿಮಿಷಗಳ ತಟ್ಟೆಯಲ್ಲಷ್ಟೇ ಹಿಡಿದಿದ್ದರೆ, ಸಿರಿಯ ಕಥೆ ಒಂದು ಬಿಡಿ ಹಾಡೆಂದೇ ವರ್ಗೀಕರಣಗೊಳ್ಳುತ್ತಿತ್ತು. ಪ್ರಕಾರದ ಪ್ರಶ್ನೆಯನ್ನೇ ಯಂತ್ರವು ತಪ್ಪಾಗಿ ಬಗೆಹರಿಸಬಲ್ಲದೆಂಬುದು ಇದರಿಂದ ಸ್ಪಷ್ಟ.

1995ರ ಡಾಗ್ಮೆ ಪ್ರಣಾಳಿಕೆಯ ಡೆನ್ಮಾರ್ಕಿನ ನಿರ್ದೇಶಕರು ಕ್ಯಾಮೆರಾ ಕೈಯಲ್ಲಿಯೇ ಇರಬೇಕು, ಧ್ವನಿಯನ್ನು ಚಿತ್ರದಿಂದ ಬೇರೆಯಾಗಿ ಸೃಷ್ಟಿಸಬಾರದು ಎಂಬ ನಿಯಮಗಳನ್ನು ತಾವೇ ಹಾಕಿಕೊಂಡರು. ಮಿತಿಯನ್ನು ಇಲ್ಲಿ ಸ್ವ-ಇಚ್ಛೆಯಿಂದ ಆರಿಸಿಕೊಳ್ಳಲಾಗಿದೆ. ಮುಂದೆ ಡಿಜಿಟಲ್ ವಿಡಿಯೊ, ಉಚಿತವಾಗಿ ದೊರೆಯುವ ಆಡಾಸಿಟಿಯಂಥ ಧ್ವನಿ ಸಂಪಾದನಾ ತಂತ್ರಾಂಶ, ಮೊಬೈಲ್ ಫೋನುಗಳು ಬಂದು ಖರ್ಚು ಗಣನೀಯವಾಗಿ ಇಳಿಯಿತು. ಶಾನ್ ಬೇಕರ್ ಅವರ ‘ಟ್ಯಾಂಜರೀನ್’ (2015) ಐಫೋನಿನಲ್ಲಿಯೇ ಚಿತ್ರಿತವಾಯಿತು. ಅದೇ ವರ್ಷ ಮಂಡ್ಯ ಸೀಮೆಯ ಹಳ್ಳಿಯಲ್ಲಿ, ವೃತ್ತಿನಟರಲ್ಲದ ಊರವರನ್ನೇ ಪಾತ್ರಧಾರಿಗಳಾಗಿಸಿ ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ ಲೊಕಾರ್ನೊ ಉತ್ಸವದಲ್ಲಿ ಪುರಸ್ಕೃತವಾಯಿತು. ಅದರ ಮಾತುಗಳು ಚಿತ್ರೀಕರಣದ ಸ್ಥಳದಲ್ಲಿಯೇ ಮುದ್ರಿತವಾದವು. ಆದ್ದರಿಂದ ಆ ಸೀಮೆಯ ಆಡುನುಡಿಯ ಏರಿಳಿತ, ಬೈಗುಳದ ಲಯ, ಮಾತಿನ ನಡುವಿನ ಮೌನಗಳು ಹಾಗೆಯೇ ಉಳಿದಿವೆ. ಆಡುನುಡಿಯ ಅಧ್ಯಯನಕಾರರಿಗೆ ಆ ಚಿತ್ರ ಒಂದು ಆಕರವೂ ಹೌದು.

6. ತಂತ್ರ ಮತ್ತು ಜೋಪಾಸನೆ

ಹೊಸದಾಗಿ ಚಿತ್ರಕ್ಕೆ ಅಥವಾ ಮುದ್ರಣಕ್ಕೆ ಕೈಹಾಕುವವರಿಗೆ ಈ ಚರಿತ್ರೆಯಿಂದ ಕೆಲವು ಪಾಠಗಳು ದೊರೆಯುತ್ತವೆ. ಕ್ಯಾಮೆರಾದ ಬೆಲೆಗಿಂತ ಮೈಕನ್ನು ಹಾಡುಗಾರನ ಬಾಯಿಂದ ಎಷ್ಟು ದೂರದಲ್ಲಿ ಇಡಲಾಗಿದೆ ಎಂಬುದು ಮುಖ್ಯ. ಗೋಡೆಗಳ ಮಾರ್ದನಿಯನ್ನು ಕಂಬಳಿ, ಕೌದಿಗಳಿಂದ ತಗ್ಗಿಸಬಹುದು. ಮಾತಿಲ್ಲದ ಹೊತ್ತಿನ ಸ್ಥಳದ ಸದ್ದನ್ನೂ ಒಂದು ನಿಮಿಷ ಹಿಡಿದಿಟ್ಟುಕೊಂಡರೆ ಸಂಪಾದನೆಯಲ್ಲಿ ತೇಪೆ ಕಾಣುವುದಿಲ್ಲ. ಆರಂಭದಲ್ಲಿ ಹೆಸರು, ಊರು, ದಿನಾಂಕಗಳನ್ನು ಧ್ವನಿಯಲ್ಲಿಯೇ ನುಡಿದಿಡಬೇಕು. ಮೂಲ ಮುದ್ರಣದ ಮೇಲೆ ಸದ್ದು ಶೋಧಿಸುವ ಪ್ರಯೋಗ ಮಾಡದೆ, ಪ್ರತಿಯೊಂದರ ಮೇಲಷ್ಟೇ ಮಾಡಬೇಕು.

ಜೋಪಾಸನೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಧ್ವನಿ-ದೃಶ್ಯ ಸಂಗ್ರಹಾಲಯಗಳ ಸಂಘಟನೆಯಾದ ಐಎಎಸ್‌ಎ 2019ರಲ್ಲಿ ಕೈಗೊಂಡ ಯೋಜನೆಯು, ಕಾಂತೀಯ ಟೇಪುಗಳನ್ನು ನುಡಿಸುವ ಯಂತ್ರಗಳೂ ಬಿಡಿಭಾಗಗಳೂ 2025ರ ಹೊತ್ತಿಗೆ ದುರ್ಲಭವಾಗುವುವೆಂದು ಎಚ್ಚರಿಸಿತ್ತು. ಆ ಗಡುವು ಈಗ ಬಂದೊದಗಿದೆ. ಹಳೆಯ ಟೇಪನ್ನು ಡಿಜಿಟಲ್ ರೂಪಕ್ಕೆ ತರುವಾಗ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣವನ್ನು ಅನುಸರಿಸಬೇಕು, ಸಾಧ್ಯವಿದ್ದಲ್ಲಿ 96 ಕಿಲೋಹರ್ಟ್ಸ್ ಪ್ರಮಾಣವನ್ನು ಬಳಸಬೇಕು ಎಂಬುದು ಆ ಸಂಘಟನೆಯ ಮಾರ್ಗಸೂಚಿ. ಎಂಪಿತ್ರೀಯಂಥ ಸಂಕ್ಷಿಪ್ತ ರೂಪದಲ್ಲಿ ಒಮ್ಮೆ ಕಳೆದ ನಾದಾಂಶ ಮತ್ತೆ ದೊರೆಯದು.

ನಮ್ಮ ಸಂಸ್ಥೆಗಳ ಕಪಾಟುಗಳಲ್ಲಿರುವ ಟೇಪುಗಳಷ್ಟೇ ಈ ಆತಂಕದ ವಿಷಯವಲ್ಲ. ಭಾಗವತರ, ಕಂಸಾಳೆಯವರ, ಸೋಬಾನೆ ಹಾಡುವ ಹೆಣ್ಣುಮಕ್ಕಳ ಮನೆಗಳ ಅಟ್ಟದ ಮೇಲೆ ಅವರೇ ಮಾಡಿಕೊಂಡ ಮುದ್ರಣಗಳಿರಬಹುದು. ವಿದ್ವಾಂಸರ ಪ್ರಶ್ನೆಗೆ ಉತ್ತರವಾಗಿ ಹಾಡದೆ, ತಮಗಾಗಿ ಹಾಡಿಕೊಂಡ ಪಾಠಾಂತರಗಳು ಅಲ್ಲಿವೆ. ಅಕಾಡೆಮಿಗಳು ಈ ಖಾಸಗಿ ಕ್ಯಾಸೆಟ್ಟುಗಳನ್ನು ಒಡೆಯರ ಒಪ್ಪಿಗೆಯೊಂದಿಗೆ ಪ್ರತಿ ಮಾಡಿ, ಮೂಲವನ್ನು ಅವರಿಗೇ ಮರಳಿಸುವ ಕಾರ್ಯವನ್ನು ಆದ್ಯತೆಯಿಂದ ಕೈಗೊಳ್ಳಬೇಕಾಗಿದೆ. ಆಗ ಪ್ರತಿಯೊಂದು ದಾಖಲೆಯ ಜೊತೆಗೆ ಯಂತ್ರದ ಹೆಸರು, ಟೇಪಿನ ಅವಧಿ, ಮೈಕುಗಳ ಸಂಖ್ಯೆ, ಮುದ್ರಣ ನಿಂತ ಜಾಗ, ನಿಂತ ಕಾರಣಗಳನ್ನೂ ನಮೂದಿಸತಕ್ಕದ್ದು. ಹಾಡು ಮುಗಿದದ್ದು ಎಲ್ಲಿ, ಟೇಪು ಮುಗಿದದ್ದು ಎಲ್ಲಿ ಎಂಬುದನ್ನು ಬೇರ್ಪಡಿಸಿ ಓದಲು ಮುಂದಿನ ಸಂಶೋಧಕನಿಗೆ ಆ ನಮೂದೊಂದೇ ಆಧಾರ.