ಕಂಠಕ್ಕೆ ಅಪ್ಪಣೆ ಎಲ್ಲಿಂದ?

ಬ್ರಹ್ಮಾವರದ ಆಸುಪಾಸಿನ ಬಯಲುಗಳಲ್ಲಿ ಮಂದಾರ್ತಿ ಮೇಳದ ಆಟ ಕಂಡವರಿಗೆ ಭಾಗವತರ ಕಂಠದ ಮಹಿಮೆಯನ್ನು ನಾನು ಹೇಳಬೇಕಾದ್ದಿಲ್ಲ. ಧ್ವನಿವರ್ಧಕ ಬರುವ ಮುಂಚೆ ಪದವು ಚೆಂಡೆಯ ಅಬ್ಬರವನ್ನು ಸೀಳಿಕೊಂಡು ಕೊನೆಯ ಚಾಪೆಯವರೆಗೆ ಮುಟ್ಟಬೇಕಿತ್ತು. ನಾರಣಪ್ಪ ಉಪ್ಪೂರರನ್ನೂ, ಅವರ ಶಿಷ್ಯರಾದ ಗುಂಡ್ಮಿಯ ಕಾಳಿಂಗ ನಾವಡರ (1958–1990) ಏರುಕಂಠವನ್ನೂ ನೆನೆದು ತಲೆದೂಗುವವರು ಇಂದಿಗೂ ಬಹಳ ಮಂದಿ. ಅಂಥ ಕಂಠಕ್ಕೆ ಅಪ್ಪಣೆ ಎಲ್ಲಿಂದ ಬರುತ್ತದೆ? ಇದನ್ನು ನಮ್ಮ ಹಿರಿಯರೂ ಕೇಳಿಕೊಂಡಿದ್ದರು.

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳುವಂತೆ, ಜೀವದ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ. ಶಬ್ದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ್ದಾನೆ, ಅದು ಹಾಗಿರಲಿ. ಉಸಿರು ಕೆಳಗಿನಿಂದ ಏಳುತ್ತದೆ, ಇಚ್ಛೆಯಿಲ್ಲದೆ ಮಾತಿಲ್ಲ, ಇವೆರಡೂ ಸರಿಯೇ. ಆ ಇಚ್ಛೆಯನ್ನು ಗಂಟಲಿಗೆ ಮುಟ್ಟಿಸುವ ದೂತ ಯಾರೆಂಬುದು ವೈಯಾಕರಣನ ಚಿಂತೆಯಲ್ಲ.

ವೈದ್ಯನ ಚಿಂತೆ ಹೌದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ, ಕಂಠನಾಡಿಯ ಎರಡು ಪಕ್ಕಗಳಲ್ಲಿ ನೀಲಾ, ಮನ್ಯಾ ಎಂಬ ನಾಲ್ಕು ಧಮನಿಗಳುಂಟು, ಅವಕ್ಕೆ ಪೆಟ್ಟಾದರೆ ಮೂಕತನ, ಸ್ವರವಿಕಾರ, ರುಚಿ ತಿಳಿಯದಿರುವಿಕೆ ಉಂಟಾಗುತ್ತವೆ ಎಂದಿದೆ. ಗಾಯಾಳುಗಳನ್ನು ಕಣ್ಣಾರೆ ಕಂಡವರ ಮಾತಿದು. ಆದರೆ ಇದೊಂದರಿಂದಲೇ ಸುಶ್ರುತನಿಗೆ ಸ್ವರದ ನರಗಳೆಲ್ಲ ತಿಳಿದಿದ್ದವೆಂದು ಸಾಧಿಸಹೊರಟವರ ಜೊತೆ ನಾನು ಬರಲಾರೆ. ಕಂಡದ್ದನ್ನು ಕಂಡಷ್ಟೇ ಹೇಳಿದನೆಂದರೆ ಅವನ ಹಿರಿಮೆಗೇನೂ ಕುಂದಿಲ್ಲ.

ನರವನ್ನೇ ಹಿಡಿದು ತೋರಿಸಿದವನು 2ನೆಯ ಶತಮಾನದಲ್ಲಿ ರೋಮಿಗೆ ಬಂದ ಗ್ರೀಕ್ ವೈದ್ಯ ಗ್ಯಾಲೆನ್. ಬುದ್ಧಿಯ ನೆಲೆ ಹೃದಯವೇ, ಮಾತೂ ಅಲ್ಲಿಂದಲೇ ಎಂದು ಅರಿಸ್ಟಾಟಲನ ಕಡೆಯವರು ವಾದಿಸುತ್ತಿದ್ದ ಕಾಲ. ಗ್ಯಾಲೆನ್ ಸಭೆಯ ನಡುವೆ, ಕಿರಿಚುತ್ತಿದ್ದ ಹಂದಿಯೊಂದರ ಕೊರಳಿನ ಎರಡು ಸಣ್ಣ ನರಗಳನ್ನು ದಾರದಿಂದ ಬಿಗಿದ. ಹಂದಿ ಒದ್ದಾಡಿತು, ದನಿ ಮಾತ್ರ ಅಡಗಿತು. ದಾರ ಸಡಿಲಿಸಿದ, ದನಿ ಮರಳಿತು. ಹೃದಯವೋ, ಮೊದಲಿನಂತೆಯೇ ಬಡಿಯುತ್ತಿತ್ತು. ಆ ಬಡಪ್ರಾಣಿಯ ಪಾಡು ನೆನೆದರೆ ಮನಸ್ಸು ಮುದುಡುತ್ತದೆ, ನಿಜ. ಆದರೆ ಅದಕ್ಕಿಂತ ಕಷ್ಟದ ಸಂಗತಿಯನ್ನೂ ಅವನೇ ಬರೆದಿಟ್ಟಿದ್ದಾನೆ: ಗಂಡಮಾಲೆಯ ಗಂಟುಗಳನ್ನು ಕೀಳಹೋದ ಅರೆಜ್ಞಾನಿಗಳ ಕೈಯಲ್ಲಿ ಒಬ್ಬ ಹುಡುಗ ಮೂಕನಾದ, ಒಂದೇ ಪಕ್ಕದ ನರ ಕೆಟ್ಟ ಇನ್ನೊಬ್ಬನಿಗೆ ಅರ್ಧ ದನಿ ಉಳಿಯಿತು.

ಈ ನರದ ದಾರಿಯೇ ವಿಚಿತ್ರ. ಮಿದುಳಿನಿಂದ ಹೊರಡುವ ಹತ್ತನೆಯ ಜೋಡಿ ನರಕ್ಕೆ ವೇಗಸ್, ಎಂದರೆ ಅಲೆಮಾರಿ, ಎಂದು ಹೆಸರು. ಅದು ಗಂಟಲಿನ ಪಕ್ಕದಲ್ಲೇ ಹಾದು ಕೆಳಗಿಳಿಯುತ್ತದೆ. ಅದರ ಎಡಗಡೆಯ ಕವಲು ಎದೆಯೊಳಗೆ ಮಹಾಪಧಮನಿಯ ಕಮಾನನ್ನೂ, ಬಲಗಡೆಯದು ಕೊರಳಬುಡದಲ್ಲಿ ತೋಳಿಗೆ ಹೋಗುವ ಧಮನಿಯನ್ನೂ ಬಳಸಿ, ರಾಟೆಗೆ ಸುತ್ತಿದ ಹಗ್ಗದಂತೆ ತಿರುಗಿ ಮೇಲೇರುತ್ತವೆ. ರಾಟೆಯ ಹೋಲಿಕೆ ಗ್ಯಾಲೆನನದೇ. ಕಾರಣ ತಿಳಿದದ್ದು ಬಹು ಕಾಲದ ಮೇಲೆ. ಗರ್ಭದಲ್ಲಿ ಮೊದಲು ಕೊರಳೇ ಇರುವುದಿಲ್ಲ. ಹೃದಯ ಗಂಟಲಿನ ಹತ್ತಿರವೇ ಇರುತ್ತದೆ. ಕೊರಳು ಬೆಳೆದು ಹೃದಯ ಕೆಳಗಿಳಿದಂತೆ ರಕ್ತನಾಳಕ್ಕೆ ಸಿಕ್ಕಿದ ನರವೂ ಜೊತೆಗೆ ಎಳೆಯಲ್ಪಡುತ್ತದೆ. ಜಿರಾಫೆಯಲ್ಲಿ ಈ ಸುತ್ತು ಹಲವು ಮೀಟರು!

ಸ್ವರತಂತುಗಳನ್ನು ತೆರೆದು ಮುಚ್ಚುವ ಕೆಲಸ ಈ ಮರಳುನರದ್ದು. ಅವನ್ನು ಬಿಗಿದು ಶ್ರುತಿ ಏರಿಸುವ ಸ್ನಾಯುವಿಗೆ ಮಾತ್ರ ಮೇಲಿನಿಂದಲೇ ಬರುವ ಬೇರೊಂದು ಕವಲಿದೆ. ಅದು ಕೆಟ್ಟರೆ ಮನೆಮಾತಿಗೆ ಹೆಚ್ಚು ಅಡ್ಡಿಯಿಲ್ಲ. ಏರು ಸ್ವರ ಮಾತ್ರ ಕೈಗೆ ಸಿಗದು. ಭಾಗವತರಿಗೆ ಅದೇನು ಸಣ್ಣ ನಷ್ಟವೇ? ಜೀವಂತ ಮನುಷ್ಯನ ಸ್ವರತಂತುಗಳ ಆಟವನ್ನು 1854ರಲ್ಲಿ ಕನ್ನಡಿಗಳ ಸಹಾಯದಿಂದ ನೋಡಿ ವಿವರಿಸಿದ ಮ್ಯಾನುಯೆಲ್ ಗಾರ್ಸಿಯನೂ ವೈದ್ಯನಲ್ಲ, ಸಂಗೀತದ ಮೇಷ್ಟ್ರು.

ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆ ಮಾಡುವವರು ಇಂದು ಈ ನರಗಳನ್ನು ಹುಡುಕಿ ಕಾಪಾಡಿಕೊಂಡೇ ಕತ್ತರಿ ಆಡಿಸುತ್ತಾರೆ. ಎದೆಯೊಳಗೂ ಅಪಾಯವುಂಟು. ಹೃದಯದ ಎಡಕೋಣೆ ಹಿಗ್ಗಿ ಎಡನರ ಅದುಮಿಹೋಗಿ ದನಿ ಒಡೆಯುವುದನ್ನು ವಿಯೆನ್ನಾದ ಆರ್ಟ್‌ನರ್ 1897ರಲ್ಲಿ ವರ್ಣಿಸಿದ. ಶ್ವಾಸಕೋಶದ ಗೆಡ್ಡೆಯೂ ಹಾಗೆಯೇ ಮಾಡಬಲ್ಲದು. ಆದುದರಿಂದ ನೆಗಡಿಯೂ ಇಲ್ಲದೆ, ಕೂಗಾಟವೂ ಇಲ್ಲದೆ ಕಟ್ಟಿದ ದನಿ ಮೂರು ವಾರ ಕಳೆದರೂ ಬಿಡದಿದ್ದರೆ ಜೇನು, ಶುಂಠಿ, ಕಾಳುಮೆಣಸಿನ ಕಷಾಯ ಎಂದು ಕೂರಬೇಡಿ, ವೈದ್ಯರಿಗೆ ತೋರಿಸಿ. ಗಂಟಲು ತೋರಿಸಹೋದವರ ಎದೆಯ ಕ್ಷ-ಕಿರಣ ಚಿತ್ರ ತೆಗೆಸಲು ಅವರು ಹೇಳಿದರೆ, ಅದು ಈ ನರದ ಸುತ್ತುದಾರಿಯಿಂದಾಗಿಯೇ.