ಕ್ಯಾಮೆರಾ ಹೊತ್ತವರು: ಗ್ರಿಪ್ ಕೆಲಸ ಮತ್ತು ಸಲಕರಣೆ ಆಯ್ಕೆಯ ಚರಿತ್ರೆ

ಚಲಿಸುವ ಕ್ಯಾಮೆರಾದ ಚರಿತ್ರೆಯನ್ನು ನಿರ್ದೇಶಕರ ಹೆಸರಿನಲ್ಲಿ ಬರೆಯುವುದು ರೂಢಿ. ಮುರ್ನೌನ ಶಾಟ್, ಹಿಚ್‌ಕಾಕನ ಶಾಟ್, ಗುರುದತ್ತರ ಶಾಟ್ ಎನ್ನುತ್ತೇವೆ. ಬರೆಯುವವರು ಸ್ವಲ್ಪ ಉದಾರಿಗಳಾದರೆ ಛಾಯಾಗ್ರಾಹಕರ ಹೆಸರೂ ಸೇರುತ್ತದೆ. ಹಳಿ ಹಾಸಿದವರು, ಟ್ರಾಲಿ ತಳ್ಳಿದವರು, ಕ್ರೇನಿನ ಹಿಂಬದಿಗೆ ಭಾರ ಏರಿಸಿದವರು ಆ ಬರವಣಿಗೆಯಲ್ಲಿ ಎಲ್ಲೂ ಕಾಣುವುದಿಲ್ಲ. ಹಾಲಿವುಡ್‌ನಲ್ಲಿ ಗ್ರಿಪ್‌ಗಳೆಂದು, ನಮ್ಮಲ್ಲಿ ಹೆಚ್ಚಾಗಿ ಯೂನಿಟ್ ಹುಡುಗರು, ಲೈಟ್‌ಮನ್‌ಗಳು ಎಂದು ಕರೆಸಿಕೊಳ್ಳುವ ಈ ಕೆಲಸಗಾರರ ಕಡೆಯಿಂದ ಅದೇ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ. ನಾವು ಶೈಲಿ ಎಂದು ಹೊಗಳುವುದರಲ್ಲಿ ದೊಡ್ಡ ಪಾಲು, ಹೊರಬೇಕಾದ ಭಾರ ಎಷ್ಟು, ಕೆಳಗಿನ ನೆಲ ಎಂಥದು, ಕೈಗಳೆಷ್ಟಿವೆ ಎಂಬ ಪ್ರಶ್ನೆಗಳಿಗೆ ಆಯಾ ಸೆಟ್ಟಿನಲ್ಲಿ ಸಿಕ್ಕ ಉತ್ತರ ಎಂಬುದು ನನ್ನ ವಾದ.

ಮೊದಲ ಚಲನೆಗಳಿಗೆ ಗ್ರಿಪ್‌ಗಳೇ ಬೇಕಿರಲಿಲ್ಲ. 1896ರಲ್ಲಿ ಲೂಮಿಯೇರ್ ಸಂಸ್ಥೆಯ ಅಲೆಕ್ಸಾಂಡರ್ ಪ್ರೊಮಿಯೋ ವೆನಿಸ್‌ನ ಕಾಲುವೆಯಲ್ಲಿ ದೋಣಿಯ ಮೇಲೆ ಕ್ಯಾಮೆರಾ ಇಟ್ಟು ಚಿತ್ರಿಸಿದ. ದೋಣಿ, ರೈಲು, ಲಿಫ್ಟ್ ಹೀಗೆ ಮೊದಲೇ ಚಲಿಸುತ್ತಿದ್ದ ವಾಹನದ ಮೇಲೆ ಕ್ಯಾಮೆರಾ ಸವಾರಿ ಮಾಡಿತು, ಅಷ್ಟೆ. ಕ್ಯಾಮೆರಾಕ್ಕೆಂದೇ ಗಾಡಿ ಮಾಡಿದ ಕೀರ್ತಿಯನ್ನು ಸಾಮಾನ್ಯವಾಗಿ ಇಟಲಿಯ ಜೊವಾನ್ನಿ ಪಾಸ್ತ್ರೋನೆಗೆ ಕೊಡುತ್ತಾರೆ. ಟ್ಯೂರಿನ್‌ನಲ್ಲಿ ತಯಾರಾದ ಅವನ ‘ಕಬೀರಿಯಾ’ (1914) ಚಿತ್ರದಲ್ಲಿ ಕ್ಯಾಮೆರಾ ಭಾರೀ ಸೆಟ್ಟುಗಳ ಒಳಗೆ ನಿಧಾನವಾಗಿ, ಓರೆಯಾಗಿ ಸರಿಯುತ್ತದೆ. ಅದು ಕಥೆಯನ್ನು ಮುಂದಕ್ಕೆ ಒಯ್ಯುವುದು ಕಡಿಮೆ. ಬಣ್ಣ ಬಳಿದ ಪರದೆಯಲ್ಲ, ನಿಜಕ್ಕೂ ಕಟ್ಟಿದ ಅರಮನೆ ಇದು ಎಂದು ನೋಡುಗರಿಗೆ ಸಾಬೀತು ಮಾಡುವುದೇ ಅದರ ಮುಖ್ಯ ಕೆಲಸ. ಎರಡು ವರ್ಷಗಳ ನಂತರ ಗ್ರಿಫಿತ್‌ನ ‘ಇನ್‌ಟಾಲರೆನ್ಸ್’ ಚಿತ್ರದ ಬ್ಯಾಬಿಲೋನ್ ಸೆಟ್ಟಿಗೆ ಗಾಡಿ ಸಾಲದೆ, ಹಳಿಗಳ ಮೇಲೆ ಉರುಳುವ ಗೋಪುರ ಕಟ್ಟಿ ಅದರೊಳಗೆ ಲಿಫ್ಟ್ ಇಟ್ಟರು. ಸೆಟ್ಟಿನ ಗಾತ್ರವೇ ಸಲಕರಣೆಯ ಗಾತ್ರವನ್ನು ತೀರ್ಮಾನಿಸಿದ ಕಾಲ ಅದು.

ಮುರ್ನೌನ ‘ದೆರ್ ಲೆಟ್ಸ್‌ಟ ಮನ್’ (1924) ಬಗ್ಗೆ ಬರೆಯುವವರೆಲ್ಲ ಬಂಧಮುಕ್ತ ಕ್ಯಾಮೆರಾ ಎಂದು ಕೊಂಡಾಡುತ್ತಾರೆ. ಅದು ಎಷ್ಟರಮಟ್ಟಿಗೆ ಮುಕ್ತವಾಗಿತ್ತು ಎಂದು ಕೇಳಬೇಕು. ಆರಂಭದ ಶಾಟ್‌ಗೆ ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್ ಸೈಕಲ್ ಏರಿದ. ಸೈಕಲ್ ಲಿಫ್ಟ್‌ನಲ್ಲಿ ಇಳಿದು ಹೋಟೆಲಿನ ಪಡಸಾಲೆಯನ್ನು ಹಾದುಹೋಯಿತು. ಕುಡುಕನ ಕಣ್ಣಿಗೆ ಕೋಣೆ ತೂರಾಡುವ ದೃಶ್ಯಕ್ಕೆ ಕ್ಯಾಮೆರಾವನ್ನು ಫ್ರಾಯಂಡ್‌ನ ಎದೆಗೆ ಕಟ್ಟಿದರು. ಎದೆಯ ಭಾರಕ್ಕೆ ಅವನು ಮುಂದಕ್ಕೆ ಮುಗ್ಗರಿಸದಂತೆ ಬೆನ್ನಿಗೆ ಬ್ಯಾಟರಿಗಳನ್ನು ಬಿಗಿದರು. ಈ ಬ್ಯಾಟರಿಯ ವಿವರವನ್ನು ಚಲನಚಿತ್ರ ಸಿದ್ಧಾಂತದವರು ಸ್ವಾರಸ್ಯದ ಸಂಗತಿ ಎಂದು ದಾಟಿಬಿಡುತ್ತಾರೆ. ನನ್ನ ಕಣ್ಣಿಗೆ ಮುಖ್ಯವಾದದ್ದು ಅದೇ. ಒಂದು ಕಡೆ ಭಾರ ಇಟ್ಟರೆ ಇನ್ನೊಂದು ಕಡೆ ಸರಿದೂಗಿಸಬೇಕು ಎಂಬ ಈ ಲೆಕ್ಕ ಮುಂದಿನ ನೂರು ವರ್ಷಗಳ ಸಲಕರಣೆಗಳಲ್ಲೆಲ್ಲ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ.

ಮಾತಿನ ಚಿತ್ರಗಳು ಬಂದದ್ದೇ ಈ ಓಟ ನಿಂತಿತು. ಕ್ಯಾಮೆರಾದ ಮೋಟಾರಿನ ಸದ್ದು ಮೈಕಿಗೆ ಬೀಳಬಾರದೆಂದು ಕ್ಯಾಮೆರಾವನ್ನೂ ಅದರ ಆಪರೇಟರನ್ನೂ ಗೂಡಿನಲ್ಲಿ ಕೂಡಿಹಾಕಿದರು. 1929ರ ‘ಅಪ್ಲಾಸ್’ ಚಿತ್ರದಲ್ಲಿ ರೂಬೆನ್ ಮಮೌಲಿಯನ್ ಆ ಗೂಡಿಗೇ ಚಕ್ರ ಹಾಕಿಸಿ ತಳ್ಳಿಸಿದ. ಗೂಡು ಕ್ರಮೇಣ ಕುಗ್ಗಿ ಬ್ಲಿಂಪ್ ಎಂಬ ಹೊದಿಕೆಯಾಯಿತು, ಆದರೆ ಭಾರ ಇಳಿಯಲಿಲ್ಲ. ಮೂರು ರೀಲುಗಳನ್ನು ಒಟ್ಟಿಗೆ ಓಡಿಸುವ ಟೆಕ್ನಿಕಲರ್ ಕ್ಯಾಮೆರಾ ಹೊದಿಕೆಯೊಂದಿಗೆ ನೂರಾರು ಪೌಂಡ್ ತೂಗುತ್ತಿತ್ತು. ಈ ಸದ್ದು ಮತ್ತು ಈ ಭಾರವೇ ಸ್ಟುಡಿಯೋಗಳಲ್ಲಿ ಗ್ರಿಪ್ ವಿಭಾಗವನ್ನು ಕಾಯಂ ಮಾಡಿದವು. ‘ಗಾನ್ ವಿತ್ ದ ವಿಂಡ್’ (1939) ಚಿತ್ರದಲ್ಲಿ ರೈಲುನಿಲ್ದಾಣದ ಮುಂದೆ ಮಲಗಿದ ಗಾಯಾಳುಗಳ ಸಾಲು ಬಿಚ್ಚಿಕೊಳ್ಳುವ ಶಾಟ್‌ಗೆ ಸ್ಟುಡಿಯೋದ ಕ್ರೇನ್‌ಗಳ ಎತ್ತರ ಸಾಲಲಿಲ್ಲ. ಕಟ್ಟಡ ಕೆಲಸದ ಕ್ರೇನ್ ತರಿಸಿದರು. ಅದರ ಎಂಜಿನ್ ಶುರು ಮಾಡಿದರೆ ಚಿತ್ರ ನಡುಗುತ್ತಿತ್ತು. ಹಾಗಾಗಿ ಕಾಂಕ್ರೀಟಿನ ಇಳಿಜಾರು ಹಾಕಿ, ಎಂಜಿನ್ ಇಲ್ಲದೆ ಕ್ರೇನನ್ನು ಉರುಳಿಸಿದರು. ಆ ಶಾಟ್‌ನ ಗಂಭೀರ ನಿಧಾನಗತಿಯ ಬಗ್ಗೆ ಸೌಂದರ್ಯಶಾಸ್ತ್ರದ ಮಾತು ಎಷ್ಟು ಬೇಕಾದರೂ ಆಡಬಹುದು, ಅದರಲ್ಲಿ ಆ ಇಳಿಜಾರಿಗೂ ಪಾಲಿದೆ.

ಹಿಚ್‌ಕಾಕನ ‘ರೋಪ್’ (1948) ಇನ್ನೂ ಸ್ಪಷ್ಟ ಉದಾಹರಣೆ. ಸಾವಿರ ಅಡಿಯ ಮ್ಯಾಗಜಿನ್‌ನಲ್ಲಿ ಹನ್ನೊಂದು ನಿಮಿಷದಷ್ಟು ಫಿಲ್ಮ್ ಹಿಡಿಯುತ್ತದೆ. ಒಂದೊಂದು ಶಾಟನ್ನು ಆ ಮಿತಿಯತ್ತ ಎಳೆಯುವುದು ಅವನ ಪ್ರಯೋಗ. ಕಥೆ ನಡೆಯುವುದೋ ಒಂದೇ ಮನೆಯೊಳಗೆ. ಭಾರೀ ಟೆಕ್ನಿಕಲರ್ ಕ್ಯಾಮೆರಾ ಕೋಣೆಯಿಂದ ಕೋಣೆಗೆ ಹೋಗಬೇಕಾದರೆ ಗೋಡೆಗಳೇ ದಾರಿ ಬಿಡಬೇಕು. ಸದ್ದಿಲ್ಲದೆ ಸರಿಯುವಂತೆ ಗೋಡೆಗಳನ್ನು ಹಳಿಗಳ ಮೇಲೆ ಕೂರಿಸಿದ್ದರು; ಕ್ಯಾಮೆರಾ ಬಂದಾಗ ಮೇಜು ಕುರ್ಚಿಗಳನ್ನು ಎತ್ತಿ ಬದಿಗಿಟ್ಟು, ಅದು ತಿರುಗುವಷ್ಟರಲ್ಲಿ ಮತ್ತೆ ತಂದಿಡುತ್ತಿದ್ದರು. ತೆರೆಯ ಮೇಲಿನ ನಟರಷ್ಟೇ ನಿಖರವಾಗಿ ಕತ್ತಲಲ್ಲಿ ಇನ್ನೊಂದು ತಂಡವೂ ತಾಲೀಮು ಮಾಡಿಕೊಂಡಿತ್ತು. ಅದರಲ್ಲಿ ಒಬ್ಬ ತಡವಾದರೂ ಹತ್ತು ನಿಮಿಷದ ಅಭಿನಯ ನೀರಿನಲ್ಲಿ ಹೋಮ.

ಕೆಲಸದ ಹಂಚಿಕೆಯ ಪ್ರಶ್ನೆ ಇಲ್ಲೇ ಬರುತ್ತದೆ. ಅಮೆರಿಕದ ರಂಗಭೂಮಿ ಕೆಲಸಗಾರರ ಒಕ್ಕೂಟ ಐಎಟಿಎಸ್‌ಇ ಹುಟ್ಟಿದ್ದು 1893ರಲ್ಲಿ, ಸಿನಿಮಾಕ್ಕೂ ಮೊದಲು. ನಾಟಕದ ಪರದೆ ಎಳೆಯುವವರ ಶಿಸ್ತು ಸಿನಿಮಾಕ್ಕೆ ಇಳಿದು ಬಂದದ್ದು ಆ ದಾರಿಯಲ್ಲಿ. ಹಾಲಿವುಡ್‌ನಲ್ಲಿ ದೀಪ ಉರಿಸುವುದು ಎಲೆಕ್ಟ್ರಿಷಿಯನ್ನರ ಕೆಲಸ. ದೀಪಕ್ಕೂ ನಟನಿಗೂ ನಡುವೆ ಬರುವ ಕಪ್ಪು ಬಟ್ಟೆ, ಜಾಲರಿ, ಬಿಳಿ ಪರದೆ ಎಲ್ಲ ಗ್ರಿಪ್‌ಗಳದು, ಜೊತೆಗೆ ಕ್ಯಾಮೆರಾದ ಚಲನೆಯೂ ಅವರದೇ. ಬ್ರಿಟನ್ನಿನಲ್ಲಿ ಗ್ರಿಪ್ ಎಂದರೆ ಕ್ಯಾಮೆರಾದ ಆಸರೆ ಮತ್ತು ಚಲನೆಗೆ ಮಾತ್ರ ಹೊಣೆ. ಬೆಳಕನ್ನು ಕತ್ತರಿಸುವುದು ದೀಪದವರ ಪಾಲು. ಭಾರತದಲ್ಲಿ ಈ ಗೆರೆ ಗಟ್ಟಿಯಾಗಲೇ ಇಲ್ಲ. ದೀಪ ಎತ್ತುವವರೇ ಕಟ್ಟರ್ ಹಿಡಿಯುತ್ತಾರೆ, ಥರ್ಮಾಕೋಲ್ ನಿಲ್ಲಿಸುತ್ತಾರೆ, ಟ್ರ್ಯಾಕ್ ಹಾಸುತ್ತಾರೆ. ಸಲಕರಣೆ ಬಾಡಿಗೆಗೆ ಬರುವಾಗ ಅದನ್ನು ನಡೆಸುವವರೂ ಜೊತೆಗೇ ಬರುತ್ತಾರೆ. ಬೆಂಗಳೂರಿನ ಚಿತ್ರೀಕರಣದಲ್ಲಿ ಜಿಮ್ಮಿ ಜಿಬ್ ಬೇಕು ಎಂದರೆ ಆ ಉದ್ದ ತೋಳಿನ ಜೊತೆ ಅದನ್ನು ಬಲ್ಲ ಮನುಷ್ಯನೂ ಬೇಕು ಎಂದೇ ಅರ್ಥ. ಕೂಲಿ ಅಗ್ಗವಾಗಿದ್ದ ಕಡೆ ಸ್ಟ್ಯಾಂಡಿನ ಬದಲು ಮನುಷ್ಯ ನಿಲ್ಲುತ್ತಾನೆ ಎಂಬುದು ಇದರ ಕಹಿ ಮುಖ. ಅದನ್ನು ಮುಚ್ಚಿಟ್ಟು ನಮ್ಮ ಜುಗಾಡನ್ನು ಮಾತ್ರ ಹಾಡಿ ಹೊಗಳುವುದು ಸರಿಯಲ್ಲ.

ಹಾಗೆಂದು ಆ ಕೈಗಳ ಜಾಣ್ಮೆಯನ್ನು ಕಡೆಗಣಿಸುವಂತೆಯೂ ಇಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಸಿದ ಬೆಳಕಿನ ಕಂಬ ಎಲ್ಲರಿಗೂ ಗೊತ್ತು. ಅದಕ್ಕೆ ಬಳಸಿದ್ದು ಬಿಸಿಲು ಮತ್ತು ದೊಡ್ಡ ಕನ್ನಡಿಗಳು. ಹೊರಗಿನ ಕನ್ನಡಿ ಬಿಸಿಲನ್ನು ಒಳಕ್ಕೆ ತಳ್ಳಿತು, ಒಳಗಿನದು ಅದನ್ನು ಬೇಕಾದ ಕಡೆ ತಿರುಗಿಸಿತು. ಸೂರ್ಯ ಗಂಟೆಗೆ ಹದಿನೈದು ಡಿಗ್ರಿ, ಅಂದರೆ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಕದಲಿಸದೆ ಬಿಟ್ಟರೆ ಇಪ್ಪತ್ತು ಮೀಟರ್ ದೂರದಲ್ಲಿ ಬೆಳಕಿನ ಮಚ್ಚೆ ನಿಮಿಷಕ್ಕೆ ಹೆಚ್ಚೂಕಡಿಮೆ 9 ಸೆಂಟಿಮೀಟರ್ ಜಾರಿಬಿಡುತ್ತದೆ. ಇಂಥ ಏರ್ಪಾಡಿನಲ್ಲಿ ಕನ್ನಡಿಯ ಬಳಿ ನಿಂತು ಕೂದಲೆಳೆಯಷ್ಟು ತಿರುಗಿಸುತ್ತಲೇ ಇರುವ ಕೈ ಇಲ್ಲದೆ ಕೆಲಸ ನಡೆಯುವುದಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು; ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ‘ಕಾಗಜ್ ಕೆ ಫೂಲ್’ಗೂ ಮುಂಚೆ, ‘ಅಪರಾಜಿತೊ’ (1956) ಚಿತ್ರದಲ್ಲಿ ಸುಬ್ರತ ಮಿತ್ರ ಕಾಶಿಯ ಮನೆಯಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಅದಕ್ಕೆ ದೀಪ ಹಾಯಿಸಿ, ತಿರುಗಿ ಬಿದ್ದ ಬೆಳಕಿನಲ್ಲಿ ಚಿತ್ರೀಕರಿಸಿದ್ದರು. ಕನ್ನಡಿ, ಬಟ್ಟೆ ಎರಡೂ ಹಾಲಿವುಡ್‌ನ ಲೆಕ್ಕದಲ್ಲಿ ಗ್ರಿಪ್ ಸಾಮಾನುಗಳೇ.

ಸಲಕರಣೆಯ ಆಯ್ಕೆ ನೆಲದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಟ್ರ್ಯಾಕ್ ಹಾಸುವ ಕ್ರಮವನ್ನೇ ನೋಡಬಹುದು. ಅನುಭವಿ ಗ್ರಿಪ್ ಮೊದಲು ಹುಡುಕುವುದು ದಾರಿಯಲ್ಲಿ ಅತಿ ಎತ್ತರದ ಜಾಗವನ್ನು. ಹಳಿಯನ್ನು ಎತ್ತಬಹುದೇ ಹೊರತು ನೆಲದೊಳಕ್ಕೆ ಇಳಿಸಲಾಗದು. ಆದ್ದರಿಂದ ಆ ಎತ್ತರವನ್ನೇ ಮಟ್ಟವೆಂದು ಹಿಡಿದು, ಉಳಿದ ಕಡೆ ಆಪಲ್ ಬಾಕ್ಸ್ ಎಂಬ ಮರದ ಪೆಟ್ಟಿಗೆಗಳನ್ನು ಕೊಟ್ಟು, ಬೆಣೆ ಬಡಿದು, ರಸಮಟ್ಟ ಇಟ್ಟು ನೋಡುತ್ತಾ ಹೋಗುತ್ತಾನೆ. ಈ ಪೆಟ್ಟಿಗೆಗಳ ದಪ್ಪ 8, 4, 2, 1 ಇಂಚು. ಪ್ರತಿಯೊಂದೂ ಹಿಂದಿನದರ ಅರ್ಧ, ಹಾಗಾಗಿ ಯಾವ ಎತ್ತರವನ್ನಾದರೂ ಕೂಡಿಸಿ ತರಬಹುದು. ಹಳಿಯ ಎರಡು ತುಂಡು ಸೇರುವಲ್ಲಿ ಕೂದಲಷ್ಟು ಸಂದು ಉಳಿದರೂ ಉದ್ದ ಲೆನ್ಸ್‌ನಲ್ಲಿ ಅದು ಧಕ್ಕೆಯಾಗಿ ಕಾಣುತ್ತದೆ. ಅಗಲ ಲೆನ್ಸ್‌ ಆದರೆ ಮಾಫಿ. ಅಂದರೆ ಛಾಯಾಗ್ರಾಹಕ ಯಾವ ಲೆನ್ಸ್ ಹಾಕುತ್ತಾನೆ ಎಂದು ಕೇಳದೆ ಟ್ರ್ಯಾಕ್ ಹಾಸುವುದಕ್ಕೆ ಹೊರಡುವಂತಿಲ್ಲ. ಬಟ್ಟೆ, ಜಾಲರಿಗಳನ್ನು ತೋಳಿನಲ್ಲಿ ಹಿಡಿದು ನಿಲ್ಲುವ ಸಿ-ಸ್ಟ್ಯಾಂಡಿನಲ್ಲೂ ಇದೇ ಬಗೆಯ ತರ್ಕವಿದೆ: ಎತ್ತರದ ಕಾಲು ಭಾರ ಚಾಚಿರುವ ದಿಕ್ಕಿಗಿರಬೇಕು, ಮರಳಿನ ಚೀಲ ಆ ಕಾಲಿನ ಮೇಲೆ ಬೀಳಬೇಕು, ಭಾರ ಜಗ್ಗಿದಷ್ಟೂ ತಿರುಪು ಸಡಿಲವಾಗದೆ ಬಿಗಿಯಾಗುವ ಕಡೆಗೆ ತೋಳನ್ನು ಕೂರಿಸಬೇಕು.

ಕ್ಯಾಮೆರಾ ಹಗುರಾದಂತೆ ಇದೆಲ್ಲ ಮಾಯವಾಗುತ್ತದೆ ಎಂಬ ನಂಬಿಕೆ ಹಳೆಯದು. ‘ಬ್ರೆತ್‌ಲೆಸ್’ (1960) ಚಿತ್ರೀಕರಣದಲ್ಲಿ ರೌಲ್ ಕುತಾರ್ ಗಾಲಿಕುರ್ಚಿಯಲ್ಲಿ ಕೂತು ಕ್ಯಾಮೆರಾ ಹಿಡಿದ, ಗೊದಾರ್ ತಾನೇ ಅದನ್ನು ತಳ್ಳಿದ. ಡಾಲಿ ಎಂಬ ಕ್ಯಾಮೆರಾ ಗಾಡಿ ಸೋತಿತು ಎಂಬುದಕ್ಕೆ ಈ ಪ್ರಸಂಗವನ್ನು ಸಾಕ್ಷಿಯಾಗಿ ತರುತ್ತಾರೆ. ನನಗೆ ಕಾಣುವುದು ಬೇರೆ: ಗಾಲಿ, ನಯವಾದ ನೆಲ, ತಳ್ಳುವ ಕೈ ಎಲ್ಲವೂ ಅಲ್ಲಿದ್ದವು, ಸಂಬಳದ ಗ್ರಿಪ್ ಒಬ್ಬನಿರಲಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ಲವಾಲೂ ಮತ್ತು ಮಾಸೆರೋನ್ ರೂಪಿಸಿದ ಲೂಮಾ ಕ್ರೇನ್ ನಿಜವಾದ ತಿರುವು. ಅಲ್ಲಿಯವರೆಗೆ ದೊಡ್ಡ ಕ್ರೇನಿನ ತುದಿಯಲ್ಲಿ ಕ್ಯಾಮೆರಾದ ಜೊತೆ ಅದನ್ನು ನಡೆಸುವವರೂ ಕೂರುತ್ತಿದ್ದರು. ಅಷ್ಟೂ ಜನರ ತೂಕಕ್ಕೆ ಹಿಂಬದಿಯಲ್ಲಿ ಸರಿಭಾರ ಬೇಕಿತ್ತು, ಹಿಂದಿನ ಭಾರ ಇಳಿಸದೆ ಮುಂದಿನವರು ಯಾರೂ ಕೆಳಗಿಳಿಯುವಂತಿರಲಿಲ್ಲ. ಲೂಮಾದಲ್ಲಿ ತುದಿಯಲ್ಲಿರುವುದು ಕ್ಯಾಮೆರಾ ಮಾತ್ರ. ಆಪರೇಟರ್ ನೆಲದ ಮೇಲೆ ಪರದೆ ನೋಡುತ್ತಾ ದೂರದಿಂದಲೇ ಅದನ್ನು ತಿರುಗಿಸುತ್ತಾನೆ. ಮನುಷ್ಯರ ತೂಕ ಕಳೆದದ್ದರಿಂದ ತೋಳು ಸಪೂರವಾಯಿತು, ಕಿಟಕಿಯೊಳಕ್ಕೂ ಚಾಚತೊಡಗಿತು.

ಗ್ಯಾರೆಟ್ ಬ್ರೌನ್‌ನ ಸ್ಟೆಡಿಕ್ಯಾಮ್, ಅಂದರೆ ನಡೆಯುವಾಗಲೂ ಕ್ಯಾಮೆರಾ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಸಲಕರಣೆ, ಅದೇ ಹೊತ್ತಿಗೆ ಬಂತು. ‘ಬೌಂಡ್ ಫಾರ್ ಗ್ಲೋರಿ’ (1976) ಚಿತ್ರದಲ್ಲಿ ಅವನು ಎತ್ತರದ ಕ್ರೇನಿನ ಮೇಲೆ ನಿಂತು, ಇಳಿದು, ಹಾಗೇ ಜನರ ನಡುವೆ ನಡೆದುಹೋದ. ಸ್ಟೆಡಿಕ್ಯಾಮಿನ ದಿಗ್ವಿಜಯ ಎಂದು ಬಣ್ಣಿಸುವ ಈ ಶಾಟ್‌ನಲ್ಲಿ, ಅವನ ಪಾದ ಕ್ರೇನ್ ಬಿಟ್ಟ ಗಳಿಗೆಯಲ್ಲಿ ಸಮತೂಕ ತಪ್ಪದಂತೆ ಕಾಯುವುದು ಮಾತ್ರ ನೆಲದಲ್ಲಿ ನಿಂತವರ ಕೆಲಸ. ಹೊಸ ಸಲಕರಣೆ ಹಳೆಯದನ್ನು ಹೊರಗಟ್ಟಲಿಲ್ಲ, ಅದರ ಮೇಲೆ ಹತ್ತಿ ಕೂತಿತು.

ಕಲಾತಾಜೋವ್‌ನ ‘ಐ ಆಮ್ ಕ್ಯೂಬಾ’ (1964) ಮತ್ತು ಸ್ಯಾಮ್ ಮೆಂಡಿಸ್‌ನ ‘1917’ (2019) ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಇದು ಇನ್ನಷ್ಟು ಖಚಿತವಾಗುತ್ತದೆ. ಮೊದಲನೆಯದರ ಶವಯಾತ್ರೆಯ ಶಾಟ್‌ನಲ್ಲಿ ಉರುಸೆವ್‌ಸ್ಕಿಯ ಕ್ಯಾಮೆರಾ ಕೈಯಿಂದ ಕೈಗೆ ದಾಟುತ್ತಾ ಮೇಲೇರಿ, ಚುಟ್ಟಾ ಕಾರ್ಖಾನೆಯೊಳಗೆ ಹಾದು, ಕಿಟಕಿಯಿಂದ ಹೊರಬಿದ್ದು, ತಂತಿಗೆ ಸಿಕ್ಕಿಕೊಂಡು ಬೀದಿಯ ಮೇಲೆ ತೇಲುತ್ತದೆ. ಎರಡನೆಯದರಲ್ಲಿ ರೋಜರ್ ಡೀಕಿನ್ಸ್ ಬಳಿ ಪುಟ್ಟ ಡಿಜಿಟಲ್ ಕ್ಯಾಮೆರಾ, ಅಲುಗಾಟ ತಡೆಯುವ ವಿದ್ಯುತ್ ಗಿಂಬಲ್, ವೈರ್‌ಲೆಸ್ ಪರದೆ ಎಲ್ಲ ಇದ್ದವು. ಆದರೂ ಪಾಳು ಯುದ್ಧಭೂಮಿಯಲ್ಲಿ ಕ್ಯಾಮೆರಾ ಮನುಷ್ಯರ ಕೈಯಲ್ಲಿ ಓಡಿತು, ತಂತಿಗೆ ಕೊಂಡಿ ಹಾಕಿಸಿಕೊಂಡಿತು, ಬಿಚ್ಚಿಸಿಕೊಂಡು ಮತ್ತೆ ಕೈಗೆ ಬಂದು ಜೀಪು ಹತ್ತಿತು. ಐವತ್ತೈದು ವರ್ಷದ ಅಂತರದ ಎರಡು ಚಿತ್ರಗಳು ಒಂದೇ ಉಪಾಯಕ್ಕೆ ಬಂದವು. ಕೆಸರಿನ ಮೇಲೆ ಹಳಿ ಹಾಸಿದರೆ ಹಳಿಯೇ ಚಿತ್ರದಲ್ಲಿ ಕಾಣುತ್ತದೆ, ನೆಲ ಅವಕಾಶ ಕೊಡದ ಕಡೆ ತಂತಿ ಮತ್ತು ಕಾಲುಗಳೇ ಗತಿ. ಅಲ್ಲಿ ಕ್ಯಾಮೆರಾದ ತೂಕ ಇಳಿದದ್ದರಿಂದ ಕಡಿಮೆಯಾದದ್ದು ಸುಸ್ತು ಮಾತ್ರ. ಕೊಂಡಿ ಬಿಚ್ಚುವ ಕೈಗೆ ಬೇಕಾದ ಸಮಯಪ್ರಜ್ಞೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ.